ಎಡ ಅಂಚಿನ ಕೈ

ಬೆನ್ನ ಹಿಂದೆ ಅವಳನ್ನು ಕಾಲೇಜಿನವರೆಲ್ಲ ಕತ್ತರಿ ಮೇಡಂ ಎನ್ನುತ್ತಿದ್ದರು. ಭಾಷೆ ಕಲಿಸಲು ಬಂದವಳ ಕೊರಳಿಗೆ ವಿದ್ಯಾರ್ಥಿಗಳ ಪತ್ರಿಕೆಯನ್ನು ಕಟ್ಟಿದ್ದು, ಅದು ಬೇರೆ ಯಾರಿಗೂ ಬೇಡವಾಗಿತ್ತೆಂದು. ಅವಳು ಅದನ್ನು ಇಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆಂದು ಕಟ್ಟಿದವರು ಎಣಿಸಿರಲಿಲ್ಲ. ಮೆಟ್ಟಿಲ ಕೆಳಗೊಂದು ಕೋಣೆ, ಮುರಿದ ಬೆಂಚುಗಳ ನಡುವೆ ಒಂದು ಹಳೆಯ ಕಂಪ್ಯೂಟರ್. ಅಲ್ಲಿ ಕೂತು ಅವಳು ಮಕ್ಕಳ ಬರಹವನ್ನು ನಿರ್ದಯವಾಗಿ ಕತ್ತರಿಸುತ್ತಿದ್ದಳು.

"ಇದು ಸುದ್ದಿಯಲ್ಲ, ಹೊಗಳಿಕೆ. ತೆಗಿ. ಈ ತಲೆಬರಹ ಓದಿದ್ರೆ ಬರೆದವನಿಗೇ ಆಕಳಿಕೆ ಬರುತ್ತೆ."

ಕ್ಯಾಮೆರಾ ಹಿಡಿದವರಿಗೆ ಅವಳದು ಒಂದೇ ಪಾಠ: "ಮುಖ ಬಿಡು, ಕೈ ನೋಡು. ಕ್ಯಾಮೆರಾ ಕಂಡ ಕೂಡ್ಲೇ ಮುಖ ನಾಟಕ ಶುರು ಮಾಡುತ್ತೆ. ಕೈಗೆ ಅಷ್ಟು ಬುದ್ಧಿ ಇಲ್ಲ."

ಗಂಡನೂ ಅದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಸಂಜೆ ಇಬ್ಬರೂ ಒಂದೇ ಬಸ್ಸಿನಿಂದ ಇಳಿದು ಒಂದೇ ಬಾಗಿಲು ತೆರೆಯುತ್ತಿದ್ದರು. ಒಳಗೆ ಬಂದವನು ಕೂರುತ್ತಿದ್ದ, ಒಳಗೆ ಬಂದವಳು ನಿಲ್ಲುತ್ತಿದ್ದಳು. ಅದು ಬೇಕು ಇದು ಬೇಕು ಎಂದು ಯಾರೂ ಕೇಳದ ಜಾಗ ಎಂದರೆ ಅವಳಿಗೆ ಆ ಮೆಟ್ಟಿಲ ಕೆಳಗಿನ ಕೋಣೆಯೊಂದೇ.

ಹೊಸ ಪ್ರಯೋಗಾಲಯದ ಉದ್ಘಾಟನೆಯಾಯಿತು. ಎಂದಿನಂತೆ ಗಂಡಸರೆಲ್ಲ ವೇದಿಕೆ ಸಮಿತಿ, ಹೆಂಗಸರೆಲ್ಲ ಉಪಚಾರ ಸಮಿತಿ. ಮರುದಿನ ಪತ್ರಿಕೆಗೆ ಫೋಟೋ ತೆಗೆಯುವ ಹುಡುಗಿ ಮುಖಪುಟ ಜೋಡಿಸಿ, ತೆರೆಯನ್ನು ಅವಳ ಕಡೆ ತಿರುಗಿಸಿ, ಕೈಕಟ್ಟಿ ನಿಂತಳು. ಪುಟದ ಅರ್ಧ ಒಂದೇ ಫೋಟೋ. ಗಂಡ ಅತಿಥಿಯ ಕಡೆ ಬಾಗಿ ಹಲ್ಲು ಬಿಟ್ಟು ನಗುತ್ತಿದ್ದಾನೆ. ಅವನ ಒಂದು ಕೈ, ತಿರುಗಿಯೂ ನೋಡದೆ, ಹಿಂದಕ್ಕೆ ಚಾಚಿದೆ. ಟ್ರೇ ಹಿಡಿದು ಬಗ್ಗಿದ ಅವಳು ಆ ಕೈಗೆ ಚಹಾದ ಕಪ್ಪು ಇಡುತ್ತಿದ್ದಾಳೆ.

ಅವಳು ತೆರೆಯ ಹತ್ತಿರಕ್ಕೆ ಬಾಗಿದಳು. "ಯಾರನ್ನ ಕೇಳಿ ತೆಗೆದೆ?"

"ಸಾರ್ವಜನಿಕ ಸಮಾರಂಭದಲ್ಲಿ ಕೇಳ್ಬೇಕಿಲ್ಲ ಅಂತ ನೀವೇ ಹೇಳಿದ್ರಿ."

"ನಾನು ಹೇಳಿದ್ದು ಇವತ್ತೇ ನೆನಪಾಯ್ತಾ? ಒತ್ತಕ್ಷರ ಎಲ್ಲಿ ಕೊಡ್ಬೇಕು ಅಂತ ಹೇಳಿದ್ದು ಮಾತ್ರ ನೆನಪಿರಲ್ಲ."

"ಬೇಡಾಂದ್ರೆ ತೆಗೀತೀನಿ ಮೇಡಂ. ಒಳ್ಳೆ ಫೋಟೋ ಬಿಟ್ರೆ ಕಾರಣ ಹೇಳ್ಬೇಕಲ್ಲ, ಏನಂತ ಹೇಳ್ಲಿ?"

ಅದೂ ಅವಳದೇ ನಿಯಮ. ಆ ಕ್ಷಣ ಅವಳಿಗೆ ಗಂಡನಿಗಿಂತ ಹೆಚ್ಚು ಸಿಟ್ಟು ಬಂದದ್ದು ಈ ಹುಡುಗಿಯ ಮೇಲೆ. ತನ್ನ ಪಾಠವನ್ನು ತನ್ನ ಮೇಲೆಯೇ ಇಷ್ಟು ಅಚ್ಚುಕಟ್ಟಾಗಿ ಪ್ರಯೋಗಿಸಿದ್ದಾಳೆ, ಅಧಿಕಪ್ರಸಂಗಿ. "ಏಳು" ಎಂದು ಅವಳನ್ನು ಎಬ್ಬಿಸುವ ಅಗತ್ಯವೂ ಇರಲಿಲ್ಲ; ಕುರ್ಚಿ ಎಳೆದು ತಾನೇ ಕೂತಳು. ಚಿತ್ರದ ಎಡ ಅಂಚನ್ನು ಹಿಡಿದು ಒಳಕ್ಕೆ ತಳ್ಳುತ್ತ ಹೋದಳು. ಟ್ರೇ ಹೋಯಿತು. ತನ್ನ ಮುಖ ಹೋಯಿತು, ಹೆಗಲು ಹೋಯಿತು. ಅಲ್ಲಿಗೆ ಅಂಚು ನಿಂತಿತು. ಇನ್ನೂ ತಳ್ಳಿದರೆ ಗಂಡನ ಬೆರಳೇ ತುಂಡಾಗುತ್ತದೆ. ತಳ್ಳದಿದ್ದರೆ ಕಪ್ಪು ಹಿಡಿದ ಅವಳ ಕೈ ಉಳಿಯುತ್ತದೆ, ಕೈಗಡಿಯಾರ ಸಮೇತ, ಹಿಂದೆ ಯಾರೂ ಇಲ್ಲದೆ.

ಅಚ್ಚಿಗೆ ಹೋಗುವ ಮೊದಲು ಪುಟ ಪ್ರಾಂಶುಪಾಲರಿಗೆ ಹೋಗಬೇಕು. ಅವಳು ಎರಡೂ ಚಿತ್ರ ಹಿಡಿದು ಹೋದಾಗ ಗಂಡ ಆಗಲೇ ಅಲ್ಲಿ ಕೂತಿದ್ದ. ಸುದ್ದಿ ಅವಳಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು.

ಪ್ರಾಂಶುಪಾಲರು ಕತ್ತರಿಸಿದ್ದನ್ನು ಮೆಚ್ಚಿದರು. "ಇದೇ ಹಾಕಿ. ಕೈ ಇದ್ರೆ ಇರ್ಲಿ ಮೇಡಂ. ಯಾರ ಕೈ ಅಂತ ಯಾರು ಕೇಳ್ತಾರೆ?"

"ಇಷ್ಟು ದಿನ ಯಾರೂ ಕೇಳಿಲ್ಲ, ನಿಜ," ಎಂದಳು.

"ಮನೆ ಮಾತನ್ನ ಬೀದಿಗೆ ತರೋದಾ?" ಎಂದ ಗಂಡ.

"ಮನೇಲಿ ಚಾಚೋ ಕೈನ ಬೀದೀಲಿ ಚಾಚಿದ್ದು ನೀವು. ನಾನು ಚಹಾ ಮಾತ್ರ ತಂದಿದ್ದು."

ಪ್ರಾಂಶುಪಾಲರ ದನಿಯಲ್ಲಿದ್ದ ಬೆಣ್ಣೆ ಕರಗಿಹೋಯಿತು. "ನೋಡಿ, ಪೂರ್ತಿ ಫೋಟೋ ಬಂದ್ರೆ ಪತ್ರಿಕೆ ನಿಮ್ಮ ಕೈಯಲ್ಲಿ ಇರಲ್ಲ. ಯೋಚನೆ ಮಾಡಿ."

ಮೆಟ್ಟಿಲಿಳಿಯುವಾಗ ಅವಳು ಯೋಚನೆ ಮಾಡಿದಳು. ಕತ್ತರಿಸಿದರೆ ಕೋಣೆ ಉಳಿಯುತ್ತದೆ. ಆದರೆ ಆ ಕೋಣೆಯಲ್ಲಿ ಕೂತು ಇನ್ನು ಯಾರ ಸಾಲಿಗೆ ಕತ್ತರಿ ಹಾಕುವುದು? ಆ ಅಧಿಕಪ್ರಸಂಗಿ ಬಾಯಿ ಬಿಡದೆ ಬರೀ ನೋಡುತ್ತಾಳೆ, ಅಷ್ಟು ಸಾಕು.

ಹುಡುಗಿ ಫೋಟೋದ ಕೆಳಗೆ ಬರೆದಿದ್ದಳು: ಅತಿಥಿಗಳೊಂದಿಗೆ ಭೌತಶಾಸ್ತ್ರ ಉಪನ್ಯಾಸಕರು.

"ಎಡದಿಂದ ಶುರು ಮಾಡ್ಬೇಕು ಅಂತ ಎಷ್ಟು ಸಲ ಬಡ್ಕೊಳ್ಳಲಿ? ಎಡದಲ್ಲಿ ಯಾರಿದ್ದಾರೆ?"

"...ನೀವು."

"ಬರಿ. ಹೆಸರು, ಹುದ್ದೆ, ಏನು ಮಾಡ್ತಿದ್ದಾರೆ."

ಹುಡುಗಿಯ ಬೆರಳು ಕೀಲಿಗಳ ಮೇಲೆಯೇ ನಿಂತಿತು. "ಪತ್ರಿಕೆ ಹೋಗುತ್ತಂತಲ್ಲ ಮೇಡಂ."

"ಹೋಗುತ್ತೆ. ನಿನ್ನ ಮೇಲಿನ ಪ್ರೀತಿಗೆ ಮಾಡ್ತಿದ್ದೀನಿ ಅಂತ ಉಬ್ಬಬೇಡ. ಫೋಟೋ ಓರೆಯಾಗಿದೆ, ನೆಟ್ಟಗೆ ಮಾಡು."

ಪತ್ರಿಕೆ ಪೂರ್ತಿ ಫೋಟೋದೊಂದಿಗೆ ಹೊರಬಂತು. ಅಧ್ಯಾಪಕರ ಕೋಣೆಯಲ್ಲಿ ಎರಡು ದಿನ ಯಾರೂ ಅವಳೊಂದಿಗೆ ಮಾತಾಡಲಿಲ್ಲ. ಉಪಚಾರ ಸಮಿತಿಯ ಹೆಂಗಸರೂ ಕೂಡ. ಫೋಟೋದ ಮೂಲೆಯಲ್ಲಿ ಅವರ ಟ್ರೇಗಳೂ ಕಾಣುತ್ತಿದ್ದವಲ್ಲ. ಮೂರನೆಯ ದಿನ ಕೋಣೆಯ ಬೀಗದ ಕೈ ಕೊಡಬೇಕೆಂಬ ಆದೇಶ ಬಂತು. ಯಾರಿಗೆ? ಗಂಡನಿಗೆ.

ಮುಂದಿನ ಸಂಚಿಕೆಯ ಪುಟಗಳನ್ನು ಅವನು ಊಟದ ಮೇಜಿನ ಮೇಲೆ ಹರಡಿಕೊಂಡ. ಅವಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು.

"ಈ ಸುದ್ದಿ ಈ ಜಾಗದಲ್ಲಿ ಹಿಡೀತಾ ಇಲ್ಲ ಕಣೆ. ಏನು ಮಾಡೋದು?"

"ಕತ್ತರಿಸಿ."

"ಎಲ್ಲಿ ಕತ್ತರಿಸೋದು?"

"ಅದು ಅವತ್ತು ನಿಮಗೇ ಚೆನ್ನಾಗಿ ಗೊತ್ತಿತ್ತಲ್ಲ, ಪ್ರಾಂಶುಪಾಲರ ಮುಂದೆ."

ಅವನು ಗೊಣಗಿಕೊಂಡು ಪುಟದ ಮೇಲೆ ಬಾಗಿದ. ಸ್ವಲ್ಪ ಹೊತ್ತಿನಲ್ಲಿ ಅವನ ಒಂದು ಕೈ, ತಿರುಗಿಯೂ ನೋಡದೆ, ಅಡುಗೆಮನೆಯ ಕಡೆಗೆ ಚಾಚಿತು. ಬೆರಳುಗಳು ಕಪ್ಪಿನ ಅಗಲಕ್ಕೆ ತೆರೆದಿದ್ದವು. ಅವಳು ಪುಸ್ತಕದಿಂದ ತಲೆ ಎತ್ತಿ, ಹುಡುಗಿಯ ಕ್ಯಾಮೆರಾದಲ್ಲಿ ನೋಡುವಂತೆ, ಆ ಕೈಯನ್ನು ನೋಡಿದಳು. ಬೆಳಕೂ ಚೆನ್ನಾಗಿತ್ತು. ಕೈ ಗಾಳಿಯಲ್ಲಿ ಒಂದಷ್ಟು ಹೊತ್ತು ಕಾಯಿತು, ಬೆರಳು ಒಮ್ಮೆ ಆಡಿಸಿತು, ಕೊನೆಗೆ ನೋವು ಬಂತೋ ಏನೋ, ಖಾಲಿಯಾಗಿಯೇ ಮೇಜಿನ ಮೇಲೆ ಇಳಿಯಿತು.

ಅವಳು ಪುಟ ಮಗುಚಿದಳು.