ಬಂಡೆಯ ಮೇಲೆ ದುರ್ಬೀನು ಹಿಡಿದ ಪಾಪಮ್ಮ

ಮೂಡಲಲ್ಲಿ ಬೆಳಕು ಹರಿಯುವ ಹೊತ್ತಿಗೆ ಪಾಪಮ್ಮ ಬಂಡೆಯ ನೆತ್ತಿ ಏರಿ ನಿಂತಾಗಿದೆ. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಾರೆ. ಬಲಗೈಯಲ್ಲಿ ಕೆಂಪು ಬಾವುಟ, ಕೊರಳಲ್ಲಿ ಸೀಟಿ, ಎದೆಯ ಮೇಲೆ ಕಪ್ಪು ದುರ್ಬೀನು. ಕೆಳಗೆ ಕಲ್ಲಿನ ಕುಳಿಗಳಿಗೆ ಸಿಡಿಮದ್ದು ತುಂಬಿ, ಬತ್ತಿ ಇಟ್ಟು, ಆಳುಗಳು ಮರೆಗೆ ಸರಿದಿದ್ದಾರೆ. ಬತ್ತಿಗೆ ಬೆಂಕಿ ಮುಟ್ಟಿಸುವವನು ತಲೆ ಎತ್ತಿ ಇವರನ್ನೇ ನೋಡುತ್ತಿದ್ದಾನೆ. ಕೆಂಪು ಬಾವುಟ ಮೇಲಿರುವಷ್ಟು ಹೊತ್ತು ಅವನು ಕಡ್ಡಿ ಗೀರುವಂತಿಲ್ಲ.

ಪಾಪಮ್ಮನಿಗೆ ಅವಸರವಿಲ್ಲ. ಮೊದಲು ಬರಿಗಣ್ಣಿನಲ್ಲಿ ಸುತ್ತ ಕಣ್ಣಾಡಿಸುತ್ತಾರೆ: ಹಳ್ಳದ ದಾರಿ, ಹಾಸುಬಂಡೆ, ಲಂಟಾನದ ಪೊದೆ, ಅದರಾಚೆ ದೂರದ ಹೊಂಗೆಮರ. ಆಮೇಲೆ ದುರ್ಬೀನಿನ ಮೇಲೆ ಕೂತ ಇಬ್ಬನಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಕಣ್ಣಿಗಿಡುತ್ತಾರೆ. ನಡುವಿನ ತಿರುಗಣೆಯನ್ನು ಬೆರಳಲ್ಲಿ ನಿಧಾನವಾಗಿ ತಿರುಗಿಸುತ್ತ ಅದೇ ಸುತ್ತನ್ನು ಮತ್ತೆ ಸುತ್ತುತ್ತಾರೆ. ಬಂಡೆಯ ಈ ತುದಿಯಿಂದ ಆ ತುದಿಗೆ ನಡೆದು ಅಲ್ಲಿಂದಲೂ ನೋಡುತ್ತಾರೆ. ದುರ್ಬೀನು ಇಳಿಸಿ, ಕಡೆಗೊಮ್ಮೆ ಬರಿಗಣ್ಣು. ಆಗ ಬಾವುಟ ಕೆಳಗಿಳಿಯುತ್ತದೆ, ಉದ್ದನೆಯ ಸೀಟಿ ಮೊಳಗುತ್ತದೆ. ಇಡೀ ಬಂಡೆ ಒಮ್ಮೆ ಗುಡುಗಿ, ಬಿಳಿಯ ದೂಳೆದ್ದು, ಚೂರುಗಳು ದಬದಬನೆ ನೆಲಕ್ಕೆ ಬೀಳುತ್ತವೆ. ಪಾಪಮ್ಮ ಕಣ್ಣು ಮಿಟುಕಿಸುವುದಿಲ್ಲ. ದೂಳು ಇಳಿಯುವವರೆಗೂ ಅವರ ನೋಟ ದಾರಿಯ ಮೇಲೆಯೇ.

ಕೆಂಗೇರಿಯಿಂದ ಪಡುವಲಿಗೆ ಗಾಡಿ ಜಾಡು ಹಿಡಿದು ನಡೆದರೆ ಸಿಗುವ ಈ ಕಲ್ಲುಕ್ವಾರಿ ಶಿವಬಸಪ್ಪ ಎಂಬುವರದು. ಇಲ್ಲಿ ಒಡೆದ ಸೈಜುಗಲ್ಲು, ಜಲ್ಲಿ ಲಾರಿಗಳಲ್ಲಿ ರಾಜಾಜಿನಗರ, ವಿಜಯನಗರ ಬಡಾವಣೆಗಳಿಗೆ ಹೋಗುತ್ತದೆ. ನಮ್ಮ ಎಷ್ಟೋ ಮನೆಗಳ ತಳಪಾಯದಲ್ಲಿ ಈ ಬಂಡೆಯ ಚೂರಿದೆ. ಪಾಪಮ್ಮನ ತವರು ವಿಜಯನಗರದ ಮಗ್ಗುಲಿನ ಮಾರೇನಹಳ್ಳಿ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಿವೇಶನಗಳ ಗುರುತುಕಲ್ಲು ನೆಟ್ಟಿದ್ದಾರೆ. “ನಮ್ಮಪ್ಪನ ಹೊಲಕ್ಕೆ ಇಲ್ಲಿಂದ್ಲೇ ಕಲ್ಲು ಹೋಯ್ತದೆ ಸ್ವಾಮಿ,” ಎಂದು ನಗುತ್ತಾರೆ. ನಗುವಿನಲ್ಲಿ ದೂರಿಲ್ಲ.

ದಿನಕ್ಕೆ ಎರಡು ಸಲ, ಕೆಲಸ ಹೆಚ್ಚಿದ್ದರೆ ಮೂರು ಸಲ ಇಲ್ಲಿ ಸಿಡಿ ಹಾರುತ್ತದೆ. ದೊಡ್ಡ ಸಿಡಿಯನ್ನು ಬೆಳಗಿನ ಜಾವಕ್ಕೇ ಇಡಬೇಕೆಂದು ಹಟ ಹಿಡಿದವರು ಪಾಪಮ್ಮ. “ಬಿಸ್ಲು ಏರಿದ್ಮ್ಯಾಲೆ ಬಂಡೆ ಕಾಯ್ತದೆ. ದುರ್ಬೀನಲ್ಲಿ ನೋಡಿದ್ರೆ ಗಾಳೀನೇ ಎಸ್ರು ಕುದ್ದಂಗೆ ಕುದೀತದೆ. ಮರ ಕುಣೀತದೆ, ಮನ್ಸ ಕುಣೀತಾನೆ. ಯಾವ್ದೂ ಚೊಕ್ಕವಾಗಿ ಕಾಣಾಕಿಲ್ಲ. ಬೆಳ್ಗೆ ಆದ್ರೆ ಎಲೆ ಎಲೆ ಎಣಿಸ್ಬೋದು,” ಎನ್ನುತ್ತಾರೆ.

ಬಾವುಟ ಹಿಡಿಯುವ ಈ ಕೆಲಸ ಅವರಿಗೆ ಬಂದ ಬಗೆ ಸುಲಭದ್ದಲ್ಲ.

ಆರೇಳು ವರ್ಷದ ಹಿಂದಿನ ಮಾತು. ಆಗ ಇಲ್ಲಿ ಕಾವಲಿಗೆ ನಿಲ್ಲುತ್ತಿದ್ದವರು ಮುನಿಯಣ್ಣ, ಕ್ವಾರಿಯ ಹಳೆಯ ಆಳು. ಶಿವಬಸಪ್ಪನವರು ರೇಸ್‌ಕೋರ್ಸಿನ ಕಡೆ ಮಾರಾಟಕ್ಕೆ ಬಂದಿದ್ದ ಈ ದುರ್ಬೀನನ್ನು ಕೊಂಡುತಂದು ಮುನಿಯಣ್ಣನ ಕೊರಳಿಗೆ ಹಾಕಿ ಸ್ವಲ್ಪ ದಿನವಷ್ಟೇ ಆಗಿತ್ತು. ಒಂದು ಸಂಜೆ ಪಾಪಮ್ಮನ ಗಂಡ ಕೆಂಚಪ್ಪ ದನ ಹೊಡೆದುಕೊಂಡು ಮನೆಗೆ ಬರುತ್ತಿದ್ದರು. ಮುನಿಯಣ್ಣ ದುರ್ಬೀನಿನಲ್ಲಿ ನೋಡಿದಾಗ ಕೆಂಚಪ್ಪ ಹೊಂಗೆಮರದ ಬುಡದಲ್ಲಿ ಕಂಡರು. ಅಷ್ಟು ದೂರ ಕಲ್ಲು ಹಾರುವುದಿಲ್ಲ. ಬಾವುಟ ಇಳಿಯಿತು. ಎದುರುಗಾಳಿಗೆ ಸೀಟಿ ಕೆಂಚಪ್ಪನಿಗೆ ಕೇಳಿಸಲಿಲ್ಲ. ನಿಜಕ್ಕೂ ಅವರಿದ್ದದ್ದು ಮರದ ಬುಡದಲ್ಲಲ್ಲ, ಬಹಳ ಈಚೆಗೆ, ಹಾಸುಬಂಡೆಯ ಪಕ್ಕದಲ್ಲಿ. ಹಾರಿಬಂದ ಕಲ್ಲು ಅವರ ಮೊಣಕಾಲ ಕೆಳಗೆ ಬಡಿದು ಮೂಳೆ ಮುರಿಯಿತು.

ಕೆಂಚಪ್ಪ ಉಳಿದುಕೊಂಡರು. ಈಗಲೂ ಕುಂಟುತ್ತಲೇ ಹಸು ಕರೆದು ಕೆಂಗೇರಿಯ ಮನೆಗಳಿಗೆ ಹಾಲು ಹಾಕುತ್ತಾರೆ. ಆದರೆ ಆ ದಿನಗಳಲ್ಲಿ ಊರೆಲ್ಲ ಒಂದೇ ಮಾತು: ಮುನಿಯಣ್ಣ ಕುಡಿದಿದ್ದ, ನೋಡದೆಯೇ ಬಾವುಟ ಇಳಿಸಿದ. ಮುನಿಯಣ್ಣ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು.

ಆಗ ಪಾಪಮ್ಮ ಇದೇ ಕ್ವಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದರು. ಗಂಡನ ಕಾಲಿಗೆ ಕಟ್ಟು ಹಾಕಿಸಿದ ಮೇಲೆ ನೇರ ಶಿವಬಸಪ್ಪನವರ ಮುಂದೆ ಹೋಗಿ ನಿಂತರು.

“ಪರಿಹಾರ ಕೇಳೋಕೆ ಬಂದ್ಲು ಅಂದ್ಕೊಂಡೆ,” ಎಂದು ಶಿವಬಸಪ್ಪನವರೇ ಹೇಳುತ್ತಾರೆ. “ಆ ದುರ್ಬೀನು ಕೊಡಿ, ಮುನಿಯಣ್ಣ ಏನು ನೋಡಿದ ಅಂತ ನಾನೂ ನೋಡ್ಬೇಕು ಅಂದ್ಲು. ತಂದು ಕೈಗಿಟ್ಟೆ.”

ಪಾಪಮ್ಮ ಮೈದುನನನ್ನು ಹಾಸುಬಂಡೆಯ ಪಕ್ಕ, ಗಂಡ ಬಿದ್ದ ಜಾಗದಲ್ಲೇ ನಿಲ್ಲಿಸಿದರು. ತಾವು ಬಂಡೆ ಹತ್ತಿ, ಜೀವಮಾನದಲ್ಲಿ ಮೊದಲ ಸಲ ದುರ್ಬೀನು ಕಣ್ಣಿಗಿಟ್ಟರು.

“ಏನ್ ಕಂಡೆ ಗೊತ್ತಾ ಸ್ವಾಮಿ,” ಎನ್ನುತ್ತಾರೆ. “ನಮ್ಮ ಮೈದುನ ಹೊಂಗೆಮರಕ್ಕೆ ಒರಗಿ ನಿಂತವ್ನೆ! ಏಯ್, ನಾನು ಹೇಳಿದ ಕಡೆ ನಿಂತ್ಕೊಳೋ ಅಂತ ಕೂಗಿದೆ. ದುರ್ಬೀನು ಇಳಿಸಿ ನೋಡ್ತೀನಿ, ಹೇಳಿದ ಕಡೇನೇ ಅವ್ನೆ. ಮರ ಎಲ್ಲೋ ಅಷ್ಟು ದೂರ. ಮತ್ತೆ ಕಣ್ಣಿಗಿಟ್ರೆ ಮತ್ತೆ ಮರದ ಬುಡ. ದುರ್ಬೀನು ಎಲ್ಲಾನೂ ಹತ್ರ ತರ್ತದೆ, ನಿಜ. ಆದ್ರೆ ಒಂದಕ್ಕೂ ಇನ್ನೊಂದಕ್ಕೂ ಮಧ್ಯ ಇರೋ ಬಯಲನ್ನ ಅಮುಕಿಬಿಡ್ತದೆ. ರೊಟ್ಟಿ ಮ್ಯಾಲೆ ರೊಟ್ಟಿ ಪೇರಿಸಿದಂಗೆ.”

ಅವತ್ತು ಸಂಜೆಯೇ ಪಾಪಮ್ಮ ಮುನಿಯಣ್ಣನ ಮನೆಗೆ ಹೋದರು. ಬೈಯಲು ಬಂದಳೆಂದು ಮುನಿಯಣ್ಣನ ಹೆಂಡತಿ ಅಂಜಮ್ಮ ಬಾಗಿಲಿಗೆ ಅಡ್ಡ ನಿಂತರಂತೆ. ಪಾಪಮ್ಮ ಹೊಸಿಲ ಹೊರಗೇ ನಿಂತು ಒಳಗೆ ಕೇಳುವಂತೆ ಹೇಳಿದರು: “ಮುನಿಯಣ್ಣ, ನೀನು ಸುಳ್ಳು ಹೇಳ್ಲಿಲ್ಲ. ನಂಗೂ ಹಂಗೇ ಕಾಣ್ತು.”

ಮುನಿಯಣ್ಣ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತರು. ಈಗ ಎಪ್ಪತ್ತು ದಾಟಿರುವ ಅವರನ್ನು ಕಂಡು ಮಾತಾಡಿಸಿದೆ. “ಎಲ್ರೂ ಕುಡ್ಕ ಅಂದ್ರು. ನಾನು ನೋಡಿದ್ದನ್ನ ನೋಡಕ್ಕೆ ಬಂದವ್ಳು ಅವ್ಳೊಬ್ಳೇ,” ಎಂದರು. ಬಾವುಟ ಮತ್ತೆ ಹಿಡಿ ಎಂದು ಪಾಪಮ್ಮ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. “ನನ್ ಕೈಲಿ ಇನ್ನಾಗಾಕಿಲ್ಲ ಕಣವ್ವ. ನಿಂಗೆ ಅದ್ರ ಮೋಸ ಗೊತ್ತಾಯ್ತಲ್ಲ, ನೀನೇ ಹಿಡಿ,” ಎಂದುಬಿಟ್ಟರು.

ಹೆಂಗಸು ಬಾವುಟ ಹಿಡಿಯುವುದೆಂದರೆ ಆಳುಗಳಿಗೆ ನಗು. ಪಾಪಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಮೈದುನನನ್ನು ಒಮ್ಮೆ ಪೊದೆಯ ಈಚೆ, ಒಮ್ಮೆ ಆಚೆ, ಒಮ್ಮೆ ಹಳ್ಳದೊಳಗೆ ನಿಲ್ಲಿಸಿ ನೋಡುತ್ತ ಹೋದರು. ಹೀಗೆ ತಿಂಗಳುಗಟ್ಟಲೆ ನೋಡಿ ಕಂಡುಕೊಂಡದ್ದು ಇಂದಿಗೂ ಅವರ ಕಸುಬಿನ ಕಟ್ಟಳೆ. ತಿರುಗಣೆ ತಿರುಗಿಸಿ ಪೊದೆಯನ್ನು ಚೊಕ್ಕ ಮಾಡಿಕೊಂಡಾಗ ಹಿಂದಿನ ಮನುಷ್ಯ ಮಸುಕಾದರೆ ಅವನು ಪೊದೆಯಿಂದ ದೂರವಿದ್ದಾನೆ. ಎರಡೂ ಒಟ್ಟಿಗೇ ಚೊಕ್ಕವಾದರೆ ಅನುಮಾನ ಪಡಬೇಕು. ಆಗ ಬಂಡೆಯ ಮೇಲೆ ಪಕ್ಕಕ್ಕೆ ನಡೆಯಬೇಕು. ಹಾಗೆ ನಡೆದಾಗ ಹತ್ತಿರದ್ದು ದೂರದ್ದನ್ನು ಬಿಟ್ಟು ಜರುಗುತ್ತದೆ. ಮರಕ್ಕೆ ಅಂಟಿಕೊಂಡಿದ್ದ ಮನುಷ್ಯ ಮರ ಬಿಟ್ಟು ಸರಿದರೆ ಅವನು ಮರದ ಹತ್ತಿರ ಇಲ್ಲವೇ ಇಲ್ಲ.

“ಯಾರು ಅಂತ ದುರ್ಬೀನು ಹೇಳ್ತದೆ. ಎಲ್ಲಿ ಅಂತ ನಾನೇ ಕಂಡ್ಕೋಬೇಕು,” ಎನ್ನುತ್ತಾರೆ ಪಾಪಮ್ಮ.

ಹೋದ ಮಳೆಗಾಲದಲ್ಲಿ ಈ ಕಟ್ಟಳೆಗೆ ದೊಡ್ಡ ಪರೀಕ್ಷೆ ಬಂತು. ಬಂಡೆ ಹತ್ತುವಾಗ ದುರ್ಬೀನಿನ ಚರ್ಮದ ಪಟ್ಟಿ ಕಿತ್ತು, ಅದು ಕಲ್ಲಿನ ಮೇಲೆ ಬಿತ್ತು. ಗಾಜು ಒಡೆದಿರಲಿಲ್ಲ. ಕಣ್ಣಿಗಿಟ್ಟರೆ ಮಾತ್ರ ಒಂದು ಮರ ಎರಡಾಗಿ, ಒಂದರ ಮೇಲೊಂದು ಕೂತಿತ್ತು. ಕಷ್ಟಪಟ್ಟು ದಿಟ್ಟಿಸಿದರೆ ಎರಡೂ ಸೇರುತ್ತಿದ್ದವು, ಆದರೆ ಹಣೆ ಸಿಡಿಯುವಂಥ ನೋವು. ಆ ನೋವಿನಲ್ಲೇ ಹಳ್ಳದ ದಾರಿಯ ಕಡೆ ಏನೋ ಬೆಳ್ಳಗೆ ನಿಂತದ್ದು ಕಂಡಿತು. ಮನುಷ್ಯನೇ? ಹಳ್ಳದ ಈಚೆಗೋ, ಕಲ್ಲು ತಲುಪದ ಆಚೆಗೋ? ಮೋಡ ಮುಸುಕಿ ಹಿಂದಿನ ಗಿಡಮರವೆಲ್ಲ ಅಳಿಸಿಹೋಗಿತ್ತು. ಪಕ್ಕಕ್ಕೆ ನಡೆದು ನೋಡೋಣವೆಂದರೆ ಯಾವುದಕ್ಕೆ ಹೋಲಿಸುವುದು?

ಕೆಳಗೆ ಕುಳಿಗಳಿಗೆ ಮದ್ದು ತುಂಬಿಯಾಗಿತ್ತು. ಮಳೆ ಇನ್ನೇನು ಬೀಳಲಿತ್ತು. ಮದ್ದು ನೆಂದು ಸಿಡಿಯದೆ ಉಳಿದರೆ ಅದನ್ನು ಕುಳಿಯಿಂದ ಬಗೆಯುವುದು ಸಾವಿನ ಬಾಯಿಗೆ ಕೈ ಹಾಕಿದಂತೆ. ಮೇಸ್ತ್ರಿ ತಿಮ್ಮರಾಯಪ್ಪ ಕೆಳಗಿನಿಂದ ಕೂಗಿದರು.

“ಪಾಪಕ್ಕ, ಇಳ್ಸು ಬಾವುಟ! ಮಳೆ ಬಂದ್ಬಿಡ್ತದೆ!”

“ದುರ್ಬೀನು ಎರಡೆರಡು ತೋರಿಸ್ತೈತೆ ಮೇಸ್ತ್ರಿ.”

“ಒಂದ್ ಕಣ್ಣು ಮುಚ್ಕೊಂಡು ನೋಡು!”

ಒಂದು ಕಣ್ಣು ಮುಚ್ಚಿದಾಗ ಚಿತ್ರ ಸ್ಪಷ್ಟವಾಯಿತು. ಆದರೆ ಗೋಡೆಗೆ ಬರೆದ ಚಿತ್ರದಂತೆ ಚಪ್ಪಟೆ. ಹಳ್ಳಕ್ಕೆ ಆಳವೇ ಇರಲಿಲ್ಲ. ಬೆಳ್ಳಗಿನದು ಎಲ್ಲಿ ಬೇಕಾದರೂ ಇದ್ದಿರಬಹುದಿತ್ತು.

ಪಾಪಮ್ಮ ಬಾವುಟದ ಕೋಲನ್ನು ಬಂಡೆಯ ಬಿರುಕಿಗೆ ನೆಟ್ಟರು. “ಇದು ಇಲ್ಲೇ ಇರ್ತದೆ. ಯಾರೂ ಮುಟ್ಬೇಡಿ,” ಎಂದು ಕೂಗಿ ಇಳಿದು ಹಳ್ಳದ ಕಡೆ ಓಡಿದರು. ಸಿಡಿಯುವ ಜಾಗದ ಎದುರಿಗೇ, ಮದ್ದು ತುಂಬಿದ ಕುಳಿಗಳನ್ನು ಬೆನ್ನ ಹಿಂದೆ ಬಿಟ್ಟು ಓಡಿದ್ದು. “ಭಯ ಆಗ್ಲಿಲ್ವಾ?” ಎಂದು ಕೇಳಿದೆ. “ಬಾವುಟ ಮೇಲಿತ್ತಲ್ಲ ಸ್ವಾಮಿ. ಅದನ್ನ ನಾನೇ ನಂಬದಿದ್ರೆ ಇನ್ಯಾರು ನಂಬ್ತಾರೆ?” ಎಂದರು.

ಹಳ್ಳದ ಆಚೆ ದಡದಲ್ಲಿ ಯಾರೋ ಒಗೆದು ಮೋಟುಗಿಡಕ್ಕೆ ಹರವಿದ ಅಂಗಿ. ಅಷ್ಟೇ. ಸುತ್ತ ನರಪಿಳ್ಳೆ ಇರಲಿಲ್ಲ. ಪಾಪಮ್ಮ ಏದುಸಿರು ಬಿಡುತ್ತ ಬಂದು ಬಂಡೆ ಹತ್ತಿ ಬಾವುಟ ಇಳಿಸಿದಾಗ ಮೊದಲ ಹನಿಗಳು ಬೀಳುತ್ತಿದ್ದವು. ಸಿಡಿ ಹಾರಿತು, ಹನಿಗೆ ನೆಂದ ಒಂದು ಕುಳಿಯನ್ನು ಬಿಟ್ಟು. ಆ ಕುಳಿಗೆ ನೀರು ಸುರಿದು ಮದ್ದು ತೆಗೆಯಲು ತಿಮ್ಮರಾಯಪ್ಪ ಬೇರೆ ಯಾರನ್ನೂ ಬಿಡದೆ ತಾವೇ ಕೂತರು. ಕೆಲಸ ಮುಗಿದ ಮೇಲೆ ಪಾಪಮ್ಮನ ಮೇಲೆ ಹರಿಹಾಯ್ದರು.

“ಒಂದು ಅಂಗಿಗೋಸ್ಕರ ನನ್ ಪ್ರಾಣ ತೆಗೀತಿದ್ದೆಯಲ್ಲ!”

“ಅಂಗಿ ಒಳಗೆ ಮನ್ಸ ಇಲ್ಲ ಅಂತ ನೋಡ್ಕೊಂಡ್ ಬಂದೆ ಮೇಸ್ತ್ರಿ. ನಿಮ್ಗೆ ಕಷ್ಟ ಆಯ್ತು, ಒಪ್ಕೊಂತೀನಿ. ನಾಳೆನೂ ಕಾಣದಿದ್ರೆ ನಾಳೆನೂ ಹೋಗಿ ನೋಡ್ತೀನಿ.”

ಇಬ್ಬರ ಮಾತೂ ಸರಿ ಎಂದು ಶಿವಬಸಪ್ಪನವರಿಗೆ ಅನಿಸಿತು. ದುರ್ಬೀನು ರಿಪೇರಿಯಾಗುವ ತನಕ ಸಿಡಿ ಬೇಡವೆಂದು ಕೆಲಸ ನಿಲ್ಲಿಸಿದರು. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಪಾಪಮ್ಮನೇ ಕೆಂಗೇರಿಯಲ್ಲಿ ಬಿಟಿಎಸ್ ಬಸ್ಸು ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು ಇನ್ನೊಂದು ಹಿಡಿದು, ರಾಜಾಜಿನಗರಕ್ಕೆ ಹೋದರು. ಅಲ್ಲಿ ಪದ್ಮನಾಭ ಎಂಬುವರು ಮನೆಯ ಮುಂದಿನ ಕೋಣೆಯಲ್ಲಿ ಕ್ಯಾಮೆರಾ, ದುರ್ಬೀನು ರಿಪೇರಿ ಮಾಡುತ್ತಾರೆ.

“ನಾನು ಬಿಚ್ಚೋಕೆ ಮುಂಚೆ ಆಯಮ್ಮ ಏನಾಗ್ತಿದೆ ಅಂತ ಹೇಳಿದ್ರು, ಅದ್ರಿಂದ ನನ್ ಅರ್ಧ ಕೆಲ್ಸ ಹಗುರ ಆಯ್ತು,” ಎಂದು ನೆನೆಯುತ್ತಾರೆ ಪದ್ಮನಾಭ. ಒಳಗಿನ ಪಟ್ಟಕದ ಗಾಜೊಂದು ಕೂದಲೆಳೆಯಷ್ಟು ಜರುಗಿತ್ತು. ಎರಡು ಕೊಳವೆಗಳೂ ಒಂದೇ ಕಡೆ ನೋಡದಿದ್ದರೆ ನಮ್ಮ ಕಣ್ಣು ಎಳೆದಾಡಿ ಅವನ್ನು ಸೇರಿಸುತ್ತದೆ, ನೋವು ಅದರಿಂದ ಎಂದು ಅವರು ವಿವರಿಸಿದರು. ಈ ಬಗೆಯ ದುರ್ಬೀನಿನಲ್ಲಿ ಮುಂದಿನ ಗಾಜುಗಳು ನಮ್ಮ ಕಣ್ಣುಗಳಿಗಿಂತ ಅಗಲವಾಗಿ ಕೂತಿರುತ್ತವೆ. ಅದರಿಂದ ಆಳ ತುಸು ಹೆಚ್ಚೇ ಸಿಗುತ್ತದೆ. ಆದರೆ ಹಿಗ್ಗಿಸುವ ಶಕ್ತಿ ಅದಕ್ಕಿಂತ ಹೆಚ್ಚಾಗಿ ಆಳವನ್ನು ತಿಂದುಹಾಕುತ್ತದೆ. ಪಾಪಮ್ಮ ಇದನ್ನು ಎರಡು ಸಲ ಹೇಳಿಸಿಕೊಂಡರು. “ಅಮುಕೋದು ಇದ್ರ ಗುಣ, ರೋಗ ಅಲ್ಲ ಅಂತ ಅವತ್ತು ಗೊತ್ತಾಯ್ತು,” ಎನ್ನುತ್ತಾರೆ. ಮಹಡಿಯ ಮೇಲೆ ನಿಂತು ದೂರದ ನೀರಿನ ತೊಟ್ಟಿಯ ಅಂಚು ನೋಡಿ, ಒಂದೇ ಅಂಚು ಕಾಣುವವರೆಗೆ ತಿರುಪು ತಿರುಗಿಸಿದ್ದು ಇಬ್ಬರೂ ಸೇರಿಯೇ.

ಪಾಪಮ್ಮ ಬಾವುಟ ಹಿಡಿದ ಮೇಲೆ ಈ ಕ್ವಾರಿಯ ಕಲ್ಲು ಯಾರಿಗೂ ಬಡಿದಿಲ್ಲ. ಈ ಮಾತನ್ನು ಹೇಳಿದವರು ತಿಮ್ಮರಾಯಪ್ಪ. ಪಾಪಮ್ಮನ ಮುಂದೆ ಎತ್ತಿದರೆ ಅವರು ತಕ್ಷಣ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಈಗ ಕೆಲಸ ಮೊದಲಿಗಿಂತ ಕಷ್ಟ. ಹೊಸ ಮನೆಗಳು ಏಳುತ್ತಿವೆ, ಸೈಕಲ್ಲಿನವರು ಅಡ್ಡದಾರಿ ಹಿಡಿಯುತ್ತಾರೆ, ರಜೆ ಬಂದರೆ ಪೇಟೆಯವರು ಬಂಡೆ ನೋಡಲು ಬರುತ್ತಾರೆ. ಬಂಡೆಯ ಆಚೆ ಕಡೆಯೂ ಒಬ್ಬರನ್ನು ನಿಲ್ಲಿಸಬೇಕೆಂದು ಪಾಪಮ್ಮ ಕೇಳಿದ್ದಾರೆ. ಮುಂದಿನ ತಿಂಗಳಿನಿಂದ ಮುನಿಯಣ್ಣನ ಹೆಂಡತಿ ಅಂಜಮ್ಮ ಅಲ್ಲಿ ಬಾವುಟ ಹಿಡಿಯಲಿದ್ದಾರೆ. ಕಲಿಸುತ್ತಿರುವವರು ಪಾಪಮ್ಮನೇ.

ಹೊರಡುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಪಾಪಮ್ಮ ಕೂತು ದುರ್ಬೀನನ್ನು ಮಡಿಲಿಗೆ ಇಳಿಸಿಕೊಂಡರು.

“ಇಷ್ಟು ವರ್ಷ ಇದ್ರೊಳಗೆ ಮನ್ಸರು ಕಂಡ್ರೆ ಸಾಕು, ಜೀವ ಬಾಯಿಗೆ ಬರ್ತದೆ. ಹೋಗ್ರಪ್ಪಾ, ಆಚೆ ಹೋಗ್ರಪ್ಪಾ ಅಂತ ಕೂಗೋದೇ ಆಯ್ತು. ಒಂದ್ ದಿನ, ಸಿಡಿ ಇಲ್ಲದ ದಿನ, ಇದನ್ನ ತಗೊಂಡು ಮಾರೇನಹಳ್ಳೀಲಿ ನಮ್ಮಣ್ಣನ ಮನೆ ಮಾಳಿಗೆ ಹತ್ಬೇಕು ಸ್ವಾಮಿ. ಹೊಸಾ ಬೀದೀಲಿ ಜನ ಓಡಾಡ್ತಾರಲ್ಲ, ಹೆಂಗಸ್ರು ನೀರು ಹಿಡಿಯೋದು, ಹುಡುಗ್ರು ಇಸ್ಕೂಲಿಗೆ ಹೋಗೋದು. ಯಾರ್ನೂ ಓಡಿಸ್ದೆ, ಸುಮ್ನೆ ನೋಡ್ತಾ ಕೂತ್ಕೋಬೇಕು.”