ಹೆಸರು ಹೇಳದ ಸೊಪ್ಪು

ಮನಸ್ಸು ಕೆಟ್ಟವರನ್ನು ಸೊಪ್ಪು, ಬೇರು ಕೊಟ್ಟು ಸರಿಮಾಡಬಹುದೇ ಎಂದು ಯಾರಾದರೂ ಕೇಳಿದರೆ ನಾನು ಹೂಂ ಅನ್ನುವುದಿಲ್ಲ, ಊಹೂಂ ಅಂತಲೂ ಅನ್ನುವುದಿಲ್ಲ. ಒಂದು ಸಲ ಕೊಟ್ಟಿದ್ದೇನೆ. ಕೊಟ್ಟವಳೂ ನಾನೇ, ತಪ್ಪಿದವಳೂ ನಾನೇ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿದವರು ತೀರ್ಮಾನ ಮಾಡಿಕೊಳ್ಳಲಿ.

ನನ್ನ ತವರು ಮಾಸ್ತಿಯ ಕಡೆಯ ಒಂದು ಹಳ್ಳಿ. ರಾಗಿ ಹೊಲ, ಹುರುಳಿ ಹೊಲ, ಊರಿಗೊಂದು ಸೇದುವ ಬಾವಿ. ಕೆರೆ ಅಂತ ಹೆಸರಿಗೆ ಇತ್ತು, ಅದರಲ್ಲಿ ನೀರು ನಿಂತದ್ದನ್ನು ನಾನು ಕಂಡದ್ದು ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆಯಿದ್ದರೂ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಹಿತ್ತಲೇ ಗತಿ. ಕೆಮ್ಮಿಗೆ ದೊಡ್ಡಪತ್ರೆ, ನೆಗಡಿಗೆ ತುಂಬೆ, ಬೇಸಿಗೆಯ ಉರಿಗೆ ಸೊಗದೆ ಬೇರಿನ ಪಾನಕ, ತಲೆ ಕಾದು ಸಿಡಿಮಿಡಿ ಅನ್ನುವವರಿಗೆ ಗರಗದ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ. ಆ ಎಣ್ಣೆಯನ್ನು ಹೆಚ್ಚಾಗಿ ನನ್ನ ತಲೆಗೇ ಒತ್ತುತ್ತಿದ್ದರು. ಇದನ್ನೆಲ್ಲ ನೋಡಿ ಬೆಳೆದ ನನಗೆ ಮದ್ದಿನ ವಿಷಯದಲ್ಲಿ ತಿಳಿಯದ್ದೇನೂ ಇಲ್ಲ ಎಂಬ ಜಂಬವಿತ್ತು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸವಂತೂ ಚಿಕ್ಕಂದಿನಿಂದಲೂ ಇರಲಿಲ್ಲ.

ಹದಿನಾರು ತುಂಬುವ ಹೊತ್ತಿಗೆ ತಾಯಲೂರಿನ ಹತ್ತಿರದ ಒಂದು ಊರಿಗೆ ಸೊಸೆಯಾಗಿ ಹೋದೆ. ಯುದ್ಧದಿಂದಾಗಿ ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದ್ದ ಕಾಲ ಅದು. ಗಂಡ ಮುಳಬಾಗಿಲಿನಲ್ಲಿ ಶಾಲೆಯ ಮೇಷ್ಟ್ರು, ಶನಿವಾರ ಬಂದು ಸೋಮವಾರ ಕೋಳಿ ಕೂಗುವಾಗ ಹೊರಟುಬಿಡುವರು. ಉಳಿದ ದಿನ ಮನೆಯಲ್ಲಿ ಮಾವ, ಅತ್ತೆ ಮತ್ತು ನಾನು.

ನನ್ನನ್ನು ಅಷ್ಟು ಅವಸರದಲ್ಲಿ ತಂದುಕೊಂಡದ್ದಕ್ಕೆ ಕಾರಣ ಒಂದು ಸಾವು. ಗಂಡನಿಗೆ ಒಬ್ಬಳೇ ತಂಗಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು ಮಗುವನ್ನೂ ಕಳೆದುಕೊಂಡು ತಾನೂ ಹೋಗಿಬಿಟ್ಟಿದ್ದಳು. ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕು ಎಂದು ಹಿರಿಯರು ಹೇಳಿದ್ದಕ್ಕೆ ಆ ಮದುವೆ. ಹೊಸ್ತಿಲಲ್ಲಿ ಸೇರು ಒದ್ದು ಒಳಗೆ ಬಂದಾಗ ಆರತಿ ಎತ್ತಿದವರು ಪಕ್ಕದ ಮನೆಯವರು. ಅತ್ತೆ ಅಡಿಗೆಮನೆಯಲ್ಲಿ ಒರಳಿಗೆ ಒರಗಿಕೊಂಡು ಗೋಡೆ ನೋಡುತ್ತ ಕೂತಿದ್ದರು. ಆಮೇಲೂ ಹಾಗೆಯೇ. ಬಡಿಸಿದರೆ ಎರಡು ತುತ್ತು ತಿನ್ನುವರು, ಬಡಿಸದಿದ್ದರೆ ಕೇಳುವುದಿಲ್ಲ. ಮಾತಿಲ್ಲ, ಅಳುವೂ ಇಲ್ಲ. ನನಗೆ ಅವರನ್ನು ಕಂಡರೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ನಾನು ಬಂದು ನಿಂತಿದ್ದೇನೆ, ಒಂದು ಸಲ ಮುಖ ಎತ್ತಿ ನೋಡಬಾರದೇ ಅನ್ನಿಸುತ್ತಿತ್ತು.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ನನಗೆ ಕೇಳಿಸುವಂತೆಯೇ ಆಡಿಕೊಂಡರು. ಸೊಸೆ ಬಂದಮೇಲೆ ಆಕೆಗೆ ಇನ್ನೂ ಹೆಚ್ಚಾಯಿತು, ಕಾಲ್ಗುಣ ಸರಿಯಿಲ್ಲ ಎಂದರು. ಮಾವನ ಕಿವಿಗೆ ಬೇರೆ ಮಾತು ಬಿತ್ತು. ಇದು ರೋಗವಲ್ಲ, ಗಾಳಿ ಸೋಕಿದೆ. ಶ್ರೀನಿವಾಸಪುರದ ಕಡೆ ಒಬ್ಬ ಪೂಜಾರಿ ಹುಣಸೆ ಬರಲಿನಿಂದ ಹೊಡೆದು ಬಿಡಿಸುತ್ತಾನೆ ಎಂದು. ಮಾವ ಕೆಟ್ಟವರಲ್ಲ, ದಿಕ್ಕು ತೋಚದವರು. ಯುಗಾದಿ ಕಳೆದ ಮೇಲೆ ಗಾಡಿ ಕಟ್ಟಿಸುತ್ತೇನೆ ಎಂದು ಒಪ್ಪಿಕೊಂಡುಬಿಟ್ಟರು. ಅಂಥ ಕಡೆಗೆ ಹೋಗಿ ಬಂದ ಹೆಂಗಸೊಬ್ಬಳ ಬೆನ್ನನ್ನು ನಾನು ತವರಿನಲ್ಲಿ ನೋಡಿದ್ದೆ. ಅವಳಿಗೆ ವಾಸಿಯೂ ಆಗಿರಲಿಲ್ಲ. ಅತ್ತೆಯ ಮೇಲಿದ್ದ ಸಿಟ್ಟು ಅವತ್ತು ಇಳಿಯಿತು, ಹೆದರಿಕೆ ಹಿಡಿಯಿತು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಮುದುಕಿಯಿದ್ದಳು. ನಾಟಿ ಮದ್ದು ಕೊಡುವವಳು, ಎಲ್ಲರೂ ಮದ್ದಿನಜ್ಜಿ ಅನ್ನುತ್ತಿದ್ದರು. ಕಾಸು ಮುಟ್ಟುವವಳಲ್ಲ, ಬಹಳ ಉಪಕಾರವಾಯಿತು ಅಂದರೆ ಬೈದು ಕಳಿಸುವವಳು. ಗಾಡಿಯ ವಿಷಯ ಕೇಳಿ ಅವಳೇ ಬಂದಳು.

"ಒಂದು ಮಂಡಲ ನಂಗ್ ಬಿಡಪ್ಪಾ," ಎಂದಳು ಮಾವನಿಗೆ. "ನಲವತ್ತೆಂಟು ದಿನ. ಅಷ್ಟರಲ್ಲಿ ಯುಗಾದಿ ಬರ್ತೈತೆ. ಆಮೇಲೆ ನಿನ್ ಗಾಡಿ ಎಲ್ಲಿಗ್ ಬೇಕಾದ್ರೂ ಕಟ್ಕೋ."

ಮದ್ದಿನ ಕಟ್ಟುಪಾಡನ್ನು ನನಗೆ ಹೇಳಿದಳು. ಎಲೆಯ ಮೇಲೆ ಬಿಸಿಲು ಬೀಳುವ ಮುಂಚೆ ಕೀಳಬೇಕು. ಮನೆಯಿಂದ ಹೊರಟಾಗಿನಿಂದ ಮದ್ದು ಅವರ ಬಾಯಿಗೆ ಬೀಳುವವರೆಗೆ ನಾನು ಯಾರೊಂದಿಗೂ ಒಂದು ಮಾತೂ ಆಡಬಾರದು. ಹಸಿಯಾಗಿ ಅರೆದು, ಹಾಲಿನಲ್ಲಿ ಕದಡಿ, ಬರೀ ಹೊಟ್ಟೆಗೆ ಕೊಡಬೇಕು. ಆಮೇಲೆ ಸೆರಗಿನ ಗಂಟಿನಿಂದ ಒಂದು ಎಲೆ ತೆಗೆದು ನನ್ನ ಅಂಗೈ ಮೇಲಿಟ್ಟಳು. ದುಂಡಗೆ, ಕಿವಿಯ ಹಾಗೆ ಇತ್ತು.

"ಕೆರೆ ತೂಬಿನ್ ಹತ್ರ ಸಿಗ್ತೈತೆ. ಹೆಸರು ಕೇಳ್ಬೇಡ, ನಾನೂ ಹೇಳಲ್ಲ. ಹೇಳಿದ್ರೆ ಮದ್ದಿನ್ ಗುಣ ಹೋಗ್ತೈತೆ. ತೆಲಿಸಿಂದಾ?"

ತಿಳಿಯಿತಾ ಅಂತ ಅವಳು ತೆಲುಗಿನಲ್ಲಿ ಕೇಳಿದ್ದು. ತಿಳಿಯಿತು ಎಂದು ತಲೆಯಾಡಿಸಿದೆ. ತೂಬು ಅಂದರೆ ಕೆರೆಯ ನೀರು ಗದ್ದೆಗೆ ಹೋಗುವ ಕಂಡಿ ಅಂತ ಗೊತ್ತಿತ್ತು. ಏರಿಯ ಆಚೆಯೋ ಈಚೆಯೋ ಎಂದು ಕೇಳಲಿಲ್ಲ. ಜಂಬ ಬಿಡಬೇಕಲ್ಲ.

ಮಾರನೆಯ ಬೆಳಗ್ಗೆ ಮೊರದಷ್ಟು ಅಗಲದ ಒಂದು ಪುಟ್ಟಿ ಹಿಡಿದು ಹೋದೆ. ನೀರು ಹಿಂದೆ ಸರಿದು ಕೆರೆ ಅಂಗಳದ ಕೆಸರು ಹದವಾಗಿ ಬಿಟ್ಟುಕೊಂಡಿತ್ತು. ಅದರ ಮೇಲೆಲ್ಲ ದುಂಡು ಎಲೆಯ ಬಳ್ಳಿ ಹಬ್ಬಿತ್ತು, ಅಲ್ಲಲ್ಲಿ ಚಿಕ್ಕ ಹಳದಿ ಹೂವು. ಅಂಗೈಯ ಎಲೆ ಅಷ್ಟರಲ್ಲಿ ಬಾಡಿ ಮುದುರಿತ್ತು. ದುಂಡಗಿದೆ, ಕಿವಿಯ ಹಾಗಿದೆ, ಇನ್ನೇನು? ಪುಟ್ಟಿ ತುಂಬಿಕೊಂಡು ಬಂದೆ. ಅರೆದು, ಹಾಲಿಗೆ ಹಾಕಿ, ಲೋಟ ಹಿಡಿದು ಅತ್ತೆಯ ಮುಂದೆ ಮೂಕಿಯಂತೆ ನಿಂತೆ. ಅವರು ಒಂದು ಗುಟುಕು ಕುಡಿದು ನಿಲ್ಲಿಸಿದರು. ಮೊದಲನೆಯ ಸಲ ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಉಳಿದದ್ದನ್ನು ಕುಡಿದು ಲೋಟ ಕೆಳಗಿಟ್ಟರು.

ನನ್ನಂಥ ಬಾಯಿಬಡುಕಿಗೆ ಆ ಮೌನ ದೊಡ್ಡ ಶಿಕ್ಷೆ. ದಾರಿಯಲ್ಲಿ ಎದುರಾದವರೆಲ್ಲ ಏನಾದರೂ ಕೇಳುವರು, ನಾನು ತುಟಿ ಕಚ್ಚಿಕೊಂಡು ಬರುವೆ. ಅತ್ತೆ ಲೋಟ ಕೆಳಗಿಟ್ಟ ಕೂಡಲೇ ತೂಬು ಎತ್ತಿದ ಹಾಗೆ ಶುರುಮಾಡುತ್ತಿದ್ದೆ. ಅಗಸರ ಕತ್ತೆ ಬಟ್ಟೆಗಂಟಿನ ಸಮೇತ ಕೆಸರಿನಲ್ಲಿ ಕೂತುಬಿಟ್ಟದ್ದು, ಬಾವಿಕಟ್ಟೆಯಲ್ಲಿ ನನ್ನ ಕಾಲ್ಗುಣ ಆಡಿಕೊಂಡವಳೇ ಕಾಲುಜಾರಿ ಬಿದ್ದದ್ದು, ನಾನು ನಗುವ ಹಾಗಿಲ್ಲದೆ ಒದ್ದಾಡಿದ್ದು. ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ನೋಡುತ್ತಿರಲಿಲ್ಲ. ನನಗೂ ಆ ಮನೆಯಲ್ಲಿ ಮಾತಾಡಲು ಬೇರೆ ಯಾರಿದ್ದರು?

ಹನ್ನೆರಡನೆಯದೋ ಹದಿಮೂರನೆಯದೋ ದಿನ ಅತ್ತೆ ಬಾಯಿಬಿಟ್ಟರು.

"ಕಾಲ್ ತೊಳ್ಕೊಂಡ್ ಬರಬಾರ್ದಾ ಕಣೇ. ಒಳಗೆಲ್ಲಾ ಕೆಸರು."

ಬೈಗುಳವೇ, ಆದರೂ ನಾನು ಹಿತ್ತಲಿಗೆ ಓಡಿ ಎರಡೆರಡು ಸಲ ಕಾಲು ತೊಳೆದುಕೊಂಡು ಬಂದೆ. ಮತ್ತೆ ನಾಲ್ಕು ದಿನ ಬಿಟ್ಟು ಸಾರಿಗೆ ಉಪ್ಪು ಸಾಲದು ಎಂದರು. ಒಂದು ಮಧ್ಯಾಹ್ನ ನನ್ನನ್ನು ಎದುರಿಗೆ ಕೂರಿಸಿಕೊಂಡು, ಎಣ್ಣೆಯಿಲ್ಲದೆ ಜಡೆ ಹಗ್ಗವಾಗಿದೆ ಎಂದು ಗೊಣಗುತ್ತ ತಲೆ ಬಾಚಿದರು. ತಿಂಗಳು ತುಂಬುವ ಹೊತ್ತಿಗೆ ಬೆಳಗ್ಗೆ ಅವರೇ ಎದ್ದು ಒಲೆ ಹಚ್ಚುತ್ತಿದ್ದರು. ಮಾವ ಜಗಲಿಯಲ್ಲಿ ಕೂತು ಬಂದುಹೋದವರಿಗೆಲ್ಲ ಮದ್ದಿನಜ್ಜಿಯನ್ನು ಹೊಗಳತೊಡಗಿದರು.

ಆ ಹೊಗಳಿಕೆ ಕೇಳಿಯೇ ಇರಬೇಕು, ಒಂದು ಬೆಳಗ್ಗೆ ಅಜ್ಜಿ ನೋಡಿಕೊಂಡು ಹೋಗಲು ಬಂದಳು. ಹಿತ್ತಲಿನಲ್ಲಿ ನಾನು ಸೊಪ್ಪು ಅರೆಯುತ್ತಿದ್ದೆ. ಪುಟ್ಟಿಯೊಳಗೆ ಬಗ್ಗಿ ನೋಡಿದಳು. ಒಂದು ಬಳ್ಳಿ ಎತ್ತಿ ಮೂಸಿದಳು.

"ಅಯ್ಯೋ ನಿನ್ ಮನೆ ಕಾಯ! ಇದು ಇಲಿಕಿವಿ ಸೊಪ್ಪು! ಸಾರಿಗ್ ಹಾಕ್ಕೊಂಡ್ ತಿನ್ನೋ ಸೊಪ್ಪು! ನಾನ್ ತೋರ್ಸಿದ್ದು ಒಂದೆಲಗ ಕಣೇ, ಒಂದೆಲಗ!"

ಹೆಸರು ಹೇಳಬಾರದೆಂದವಳು ಸಿಟ್ಟಿನಲ್ಲಿ ಎರಡು ಸಲ ಹೇಳಿಬಿಟ್ಟಿದ್ದಳು. ನಾನೋ ಬಾಯಿ ಬಿಡುವ ಹಾಗಿಲ್ಲ. ಗುಂಡುಕಲ್ಲು ಹಿಡಿದುಕೊಂಡೇ ಕಣ್ಣೀರು ಸುರಿಸಿದೆ. ಅಜ್ಜಿ ಅಡಿಗೆಮನೆಯ ಕಡೆ ನೋಡಿದಳು. ಅತ್ತೆ ಊದುಕೊಳವೆ ಹಿಡಿದು ಒಲೆ ಊದುತ್ತಿದ್ದರು, ಹಾಲು ಉಕ್ಕೀತೆಂದು ಹಾಲಿಗೇ ಗದರುತ್ತಿದ್ದರು. ಅಜ್ಜಿ ಕೈಯಲ್ಲಿದ್ದ ಬಳ್ಳಿಯನ್ನು ಮತ್ತೆ ಪುಟ್ಟಿಗೆ ಹಾಕಿದಳು.

"ವಿಷ ಏನಲ್ಲ, ಇವತ್ತು ಕೊಡು," ಎಂದು ಪಿಸುಗುಟ್ಟಿದಳು. "ನಾಳೆಯಿಂದ ಏರಿ ಇಳಿದು ಆಚೆ ಹೋಗು, ಕಾಲುವೆ ಅಂಚಿನಾಗೆ ಐತೆ. ಎಲೆಗೊಂದು ಉದ್ದನೇ ತೊಟ್ಟು ಇರ್ತೈತೆ, ಅಂಚು ಕಚ್ಚುಕಚ್ಚು. ಯಾರಿಗಾದ್ರೂ ಹೇಳೀಯ ಜೋಕೆ."

ಮಾರನೆಯ ದಿನ ಒಂದೆಲಗವನ್ನೇ ತಂದೆ. ಅತ್ತೆ ಒಂದು ಗುಟುಕು ಕುಡಿದು, ಮೊದಲ ದಿನದ ಹಾಗೆಯೇ ನಿಲ್ಲಿಸಿ, ನನ್ನ ಮುಖ ನೋಡಿದರು. "ಇವತ್ತು ಕಹಿ," ಎಂದಷ್ಟೇ ಹೇಳಿ ಪೂರ್ತಿ ಕುಡಿದರು. ಅವತ್ತು ಕತ್ತೆಯ ಕಥೆಯೂ ಇಲ್ಲ, ಬಾವಿಕಟ್ಟೆಯ ಕಥೆಯೂ ಇಲ್ಲ. ಊರೆಲ್ಲ ಮದ್ದಿನ ಗುಣ ಹೊಗಳುವಾಗ ನಾನು ಕಳ್ಳಿಯ ಹಾಗೆ ಓಡಾಡಿದೆ. ಮದ್ದೇ ಅಲ್ಲದ್ದರಿಂದ ಬಂದ ಗುಣ ಎಷ್ಟು ದಿನ ನಿಂತೀತು, ಹಬ್ಬದ ಹೊತ್ತಿಗೆ ಮತ್ತೆ ಗೋಡೆ ನೋಡಿಕೊಂಡು ಕೂತರೆ ಆ ಬರಲಿನ ಏಟು ನನ್ನಿಂದಲೇ ಅಲ್ಲವೇ ಎಂದು ಊಟ ಸೇರಲಿಲ್ಲ.

ಹಾಗೇನೂ ಆಗಲಿಲ್ಲ. ಯುಗಾದಿಯ ಬೆಳಗ್ಗೆ ಮಾವ ಎಣ್ಣೆ ಹಚ್ಚಿಕೊಂಡು ನಿಂತು, "ಲೇ, ಗಾಡಿಗೆ ಹೇಳ್ಬೇಕಾ, ಬೇಡ್ವಾ?" ಎಂದು ಕೇಳಿದರು.

"ಹೋಗೋದಾದ್ರೆ ನೀವ್ ಹೋಗ್ಬನ್ನಿ. ನಂಗೆ ಹೋಳಿಗೆ ಬೇಯ್ಸೋದೈತೆ," ಎಂದರು ಅತ್ತೆ.

ಹಬ್ಬ ಕಳೆದ ಮೂರು ನಾಲ್ಕು ದಿನಕ್ಕೆ ಅತ್ತೆ, ಬಾರೇ ಬೆರಕೆ ಸೊಪ್ಪು ಕಿತ್ತುಕೊಂಡು ಬರೋಣ ಎಂದು ಕರೆದರು. ಹೊಲದ ಬದು, ಕೆರೆ ಅಂಗಳ ಸುತ್ತಿ ಸಿಕ್ಕಿದ ಸೊಪ್ಪನ್ನೆಲ್ಲ ಒಂದೊಂದು ಹಿಡಿ ಕಿತ್ತು ಬೆರೆಸಿ ಬೇಯಿಸಿ ಮಸೆದರೆ ಮುದ್ದೆಗೆ ಅದಕ್ಕಿಂತ ಬೇರೆ ಬೇಡ. ಮಗಳು ಹೋದ ಮೇಲೆ ಅವರು ಊರು ದಾಟಿ ಬಂದದ್ದು ಅದೇ ಮೊದಲು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಎಂದು ತೋರಿಸುತ್ತ ಕೀಳುತ್ತಿದ್ದವರು ಕೆರೆಯ ಒಳಗೆ ಇಳಿದು, ಒಂದು ಕಡೆ ಕುಕ್ಕರುಗಾಲಿನಲ್ಲಿ ಕೂತು, ದುಂಡು ಎಲೆಯ ಬಳ್ಳಿಯನ್ನು ಚಿವುಟಿ ಚಿವುಟಿ ನನ್ನ ಮಡಿಲಿಗೆ ಹಾಕಿದರು.

"ಇದನ್ನೂ ಹಾಕು. ಒಂದು ತಿಂಗಳ ಮೇಲೆ ಹಸಿದೇ ಕುಡಿದಿದ್ದೀನಿ. ಬೇಯಿಸಿ ತಿಂದ್ರೆ ಚೆನ್ನಾಗಿರ್ತೈತೆ."

"ನಿಮಗೆ ಯಾವಾಗ ಗೊತ್ತಾಯ್ತು ಅತ್ತಮ್ಮಾ?"

"ಮೊದಲನೇ ದಿನ, ಬಾಯಿಗ್ ಇಟ್ಟಾಗ್ಲೇ. ಕೆರೆ ಏರಿ ಕೆಳಗಿನ ಊರಲ್ಲಿ ಹುಟ್ಟಿದೋಳು ಕಣೇ ನಾನು. ಒಂದೆಲಗ ಯಾವ್ದು ಇಲಿಕಿವಿ ಯಾವ್ದು ಅಂತ ಗೊತ್ತಾಗಲ್ವಾ?"

"ಮತ್ತೆ ಯಾಕ್ ಹೇಳ್ಲಿಲ್ಲ?"

ಅವರು ಸೊಪ್ಪು ಕೀಳುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ಏನಾಗ್ತಿತ್ತು? ಬಂದ ಸೊಸೆ ಮದ್ದು ತಪ್ಪಿಸಿ ಕೊಟ್ಲು ಅಂತಿದ್ರು. ನಾನ್ ವಾಸಿಯಾಗ್ದೆ ಇದ್ರೂ, ಏನ್ ಸೊಪ್ಪು ತಂದ್ಯೇ ಅಂತ ನಿನ್ನೇ ಹಿಡ್ಕೋತಿದ್ರು. ಮೊದ್ಲೇ ಕಾಲ್ಗುಣ ಕಾಲ್ಗುಣ ಅಂತಿದ್ರಲ್ಲ. ನಿಮ್ಮಮ್ಮನ ಮನೆಗೆ ಅಟ್ಟಿಬಿಡೋರು. ಅದಕ್ಕೇ ಎದ್ದೆ."

ಅವರು ಇನ್ನೊಂದು ಹಿಡಿ ಸೊಪ್ಪು ನನ್ನ ಮಡಿಲಿಗೆ ಹಾಕಿ, ಬೇರಿಗೆ ಅಂಟಿದ್ದ ಕೆಸರನ್ನು ಬೆರಳಿನಲ್ಲಿ ಉಜ್ಜಿದರು.

"ಅವಳೂ ನಿನ್ ವಯಸ್ಸಿನೋಳೇ. ಅವಳಿಗ್ ಏನೂ ಮಾಡಕ್ಕಾಗ್ಲಿಲ್ಲ ನನ್ ಕೈಲಿ."

ನಾನು ಕೆರೆ ಅಂಗಳದಲ್ಲೇ ಕೂತು ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದೆ. ಅವರು ಪಕ್ಕದಲ್ಲಿ ಕೂತು, ಮಡಿಲಿನ ಸೊಪ್ಪು ಚೆಲ್ಲೀತು ಎಂದು ನನ್ನ ಸೆರಗಿನ ಎರಡು ತುದಿಯನ್ನೂ ಸೇರಿಸಿ ಗಂಟು ಹಾಕಿದರು.