ಅಡಮಾನ ಪತ್ರದಲ್ಲಿ ನಾನು ಬಿಟ್ಟ ಹೆಸರುಗಳು

ನಾವು ವಲಸೆ ಬಂದು ನೆಲೆಸಿದ ಕೆಂಟನ್ನಿನ ನಮ್ಮ ಫ್ಲಾಟಿನಲ್ಲಿ ಊಟದ ಮೇಜಿನ ಮುಂದೆ ಕೂತು ಅಮೆರಿಕದ ಹಳೆಯ ಆಸ್ತಿ ದಾಖಲೆಗಳನ್ನು ಓದುವ ಕೆಲಸ ಹಿಡಿದಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿ ಯಾವ ನೌಕರಿಯಲ್ಲೂ ನೆಟ್ಟಗೆ ನಿಲ್ಲದ ನನಗೆ ಅದು ಹೇಳಿ ಮಾಡಿಸಿದಂತಿತ್ತು. ಪರದೆಯ ಮೇಲೆ ಕೈಬರಹದ ಒಂದು ಪುಟ ಬರುತ್ತದೆ. ಸಾಲ ಕೊಟ್ಟವನು, ಪಡೆದವನು, ಒತ್ತೆ ಇಟ್ಟ ಆಸ್ತಿ ಎಂದು ಬಿಡಿಸಿ ಟೈಪ್ ಮಾಡಬೇಕು. ಒತ್ತೆಯ ಪಟ್ಟಿಯಲ್ಲಿ ಹೊಲ, ಕುದುರೆ, ಹಾಸಿಗೆಗಳ ಜೊತೆ ಮನುಷ್ಯರೂ ಇರುತ್ತಿದ್ದರು. ಗುಲಾಮರು. ತಲೆಗೊಂದು ಹೆಸರು, ಕೆಲವೊಮ್ಮೆ ವಯಸ್ಸು.

ಎಲ್ಲ ಹೆಸರನ್ನೂ ಬರೆಯಬೇಕೆಂಬುದು ನಿಯಮ. ಮೊದಲ ತಿಂಗಳು ಬರೆದೆ. ಆಮೇಲೆ ಅವೇ ಹೆಸರುಗಳು ಮತ್ತೆ ಮತ್ತೆ ಬಂದವು. ಮನೆತನದ ಹೆಸರಿಲ್ಲದ ಇವರನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎನಿಸಿತು. ಮೊದಲ ಹೆಸರು ಹಾಕಿ, ಮುಂದೆ 'ಹಾಗೂ ಇತರರು' ಎಂದು ಮುಗಿಸತೊಡಗಿದೆ. ಸಾಲಗಾರರ ಹೆಸರುಗಳನ್ನು ಮಾತ್ರ ಒಂದಕ್ಷರ ತಪ್ಪದೆ ಬರೆದೆ.

ಹೋದ ವರ್ಷ ಈ ದಾಖಲೆಗಳನ್ನು ಟೈಪ್ ಮಾಡಿಸುತ್ತಿದ್ದ ಯೋಜನೆಯವರು ಒಂದು ವಿಡಿಯೊ ಮಾತುಕತೆ ಇಟ್ಟಿದ್ದರು. ಅಮೆರಿಕದ ಕಪ್ಪು ಮಹಿಳೆಯೊಬ್ಬರು, ಎಪ್ಪತ್ತರ ಹತ್ತಿರದವರು, ತಮ್ಮ ಮುತ್ತಜ್ಜಿಯ ತಾಯಿಯನ್ನು ಹುಡುಕುತ್ತಿದ್ದರು. ಆಕೆ ಮಗುವಾಗಿದ್ದಾಗ ತನ್ನ ತಾಯಿಯ ಜೊತೆ ಒತ್ತೆಗೆ ಬಿದ್ದವಳು, ಎಡಗೈ ಸುಟ್ಟಿತ್ತು. ಅವರ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದದ್ದು ಅಷ್ಟೇ, ಹೆಸರು ಗೊತ್ತಿರಲಿಲ್ಲ.

"ಆ ಪುಟ ನಾನು ನೋಡಿದ್ದೇನೆ. ಕೈ ಸುಟ್ಟದ್ದನ್ನು ಗುಮಾಸ್ತ ಬರೆದಿದ್ದಾನೆ," ಎಂದುಬಿಟ್ಟೆ.

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮಾತು ಮುಗಿದ ಮೇಲೆ ಸೋಫಾದ ಮೇಲಿದ್ದ ಮಗಳು ಫೋನಿನಿಂದ ತಲೆಯೆತ್ತಿದಳು. "ಆರ್ ಯು ಶೂರ್, ಅಪ್ಪಾ?"

ಒಳಗಿನಿಂದ ಹೆಂಡತಿ ನಕ್ಕಳು. "ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅನ್ನೂದ ನೆನಪಿರಂಗಿಲ್ಲ ನಿಮಗ. ಆ ಕೈ ಮಾತ್ರ ನೆನಪೈತೇನ್ರಿ?"

"ನೋಡೀನಿ ಅಂದ್ರ ನೋಡೀನಿ," ಎಂದು ರೇಗಿದೆ.

ಆ ವಾರವೇ ಹುಡುಕಲು ಕೂತೆ. ನಾನು ಟೈಪ್ ಮಾಡಿದ್ದರಲ್ಲಿ ಎಲ್ಲಿ ನೋಡಿದರೂ 'ಹಾಗೂ ಇತರರು'. ಮೂಲ ಪುಟಗಳನ್ನೇ ತೆರೆದೆ. ತಾಯಿ-ಮಗು ಎಷ್ಟೋ ಕಡೆ ಸಿಕ್ಕರು, ಸುಟ್ಟ ಕೈ ಸಿಗಲಿಲ್ಲ. ನಿಜಕ್ಕೂ ನೋಡಿದ್ದೆನೋ, ಅವರ ಬಾಯಿಂದ ಕೇಳಿದೊಡನೆ ನನ್ನ ತಲೆಯೇ ಆ ಸಾಲನ್ನು ಬರೆದುಕೊಂಡಿತೋ? ಹೆಂಡತಿಯ ತಾಯಿ, ನಮ್ಮ ಅತ್ತೆಯವರು, ತಮ್ಮ ಮನೆತನದ ಸುದ್ದಿ ತೆಗೆದಾಗಲೆಲ್ಲ "ಪುರಾವೆ ಏನೈತ್ರಿ?" ಎಂದು ಕೇಳಿ ಬಾಯಿ ಮುಚ್ಚಿಸಿದವನು ನಾನು.

ಅಷ್ಟರಲ್ಲಿ ಆ ಮಹಿಳೆಯ ಪತ್ರ ಬಂತು. ಅವರ ತಾಯಿಗೆ ತೊಂಬತ್ತು ದಾಟಿದೆ. "ಅವಳು ಸಿಕ್ಕಳು ಅಂತ ಅಮ್ಮನಿಗೆ ಹೇಳಿದೆ. ಹೆಸರೇನು ಅಂತ ದಿನಾ ಕೇಳುತ್ತಾಳೆ."

ಒಂಬತ್ತು ದಿನ ಉತ್ತರ ಬರೆಯಲಿಲ್ಲ. ಕೊನೆಗೆ ಎಲ್ಲವನ್ನೂ ಬರೆದೆ: ಆ ಪುಟ ನೋಡಿದೆನೆಂದು ಈಗ ಹೇಳಲಾರೆ, ನೋಡಿದ್ದರೂ ಹೆಸರು ಬಿಟ್ಟವನು ನಾನೇ, ಕ್ಷಮಿಸಿ.

ಮರುದಿನವೇ ಉತ್ತರ ಬಂತು. ಬೈಗುಳವಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ಅಮ್ಮನಿಗೆ ಇದನ್ನು ನಾನಿನ್ನೂ ಹೇಳಿಲ್ಲ. ಹುಡುಕಿ."

ಮೊದಲ ಸಂಪುಟದ ಮೊದಲ ಪುಟದಿಂದ ಮತ್ತೆ ಶುರು ಮಾಡಿದ್ದೇನೆ. ಈ ಸಲ ಎಲ್ಲರ ಹೆಸರನ್ನೂ ಬರೆಯುತ್ತಿದ್ದೇನೆ. ಕೆಲಸ ಬಹಳ ನಿಧಾನ. ತೊಂಬತ್ತು ದಾಟಿದ ಆ ತಾಯಿಗೆ ಅಷ್ಟು ಸಮಯವಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ.